ಕಾಣೆ ಕಚ್ಚುವ ಹೊತ್ತು

ಕರಾವಳಿಯ ಮೀನು ಮಾರುಕಟ್ಟೆಯಲ್ಲಿ 'ಗಾಳದ್ದು' ಎಂಬ ಮಾತಿಗೇ ಒಂದು ಬೆಲೆ ಉಂಟು. ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಿವಿರು ಎತ್ತಿ ನೋಡುವ ಗಿರಾಕಿಗೆ ಮೀನಿನ ಹೆಂಗಸು "ಗಾಳದ್ದ್ ಅಣ್ಣ, ಬಲೆದಲ್ಲ" ಅಂದರೆ ಚೌಕಾಸಿ ಅಲ್ಲಿಗೆ ಅರ್ಧ ಮುಗಿಯಿತು. ಬಲೆಯ ಮೀನು ನೂರಾರು ಮೀನುಗಳ ಅಡಿಗೆ ಬಿದ್ದು, ಹೊಟ್ಟೆ ಒತ್ತಿ, ಹುರುಪೆ ಕಿತ್ತು ಬರುತ್ತದೆ. ಗಾಳದ್ದು ಒಂದೊಂದಾಗಿ, ಜೀವಂತ, ಮೈ ಕೆಡದೆ ಬರುತ್ತದೆ. ತಿನ್ನುವವರಿಗೆ ಅಷ್ಟು ಸಾಕು.

ಹಿಡಿಯುವವರಿಗೆ ಸಿಗುವ ಸವಿ ಬೇರೆ. ಮೀನು ನೀರಿನಿಂದ ಮೇಲೆ ಬರುವ ಮೊದಲೇ ಅದು ಯಾವ ಮೀನು, ಎಷ್ಟು ದೊಡ್ಡದು, ಹಸಿದು ಬಂದದ್ದೋ ಸುಮ್ಮನೆ ಎರೆಯ ರುಚಿ ನೋಡುತ್ತಿರುವುದೋ ಎಂದು ತೋರುಬೆರಳಿಗೆ ಗೊತ್ತಾಗುವ ಸುಖ ಅದು. 1970, 80ರ ದಶಕಗಳಲ್ಲಿ ಕಾಪುವಿನ ಬಂಡೆಗಳಿಂದ ಗಂಗೊಳ್ಳಿಯ ಅಳಿವೆಯವರೆಗೆ ಗಾಳ ಹಾಕುತ್ತಿದ್ದವರಲ್ಲಿ ಈ ಸುಖವನ್ನು ಬಲ್ಲವರು ಬಹಳ ಮಂದಿ ಇದ್ದರು. ಮೊಗವೀರರು, ಖಾರ್ವಿಗಳು, ಶಾಲೆ ಬಿಟ್ಟ ಮೇಲೆ ಬರುವ ಮೇಷ್ಟ್ರು, ರಜೆಯಲ್ಲಿ ಊರಿಗೆ ಬಂದ ಮುಂಬಯಿಯ ಹೋಟೆಲಿನವರು. ಇವರ ನಡುವೆ ಮೀನುಗಳಿಗೊಂದು ಪಂಕ್ತಿ ಇತ್ತು. ಮಾರುಕಟ್ಟೆಯ ದರದ ಪಂಕ್ತಿಯಲ್ಲ, ತೂಕದ್ದೂ ಅಲ್ಲ. ಕಚ್ಚುವ ಸೊಗಸಿನ ಪಂಕ್ತಿ. ಅದನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮೆಟ್ಟಿಲಾಗಿ ಹೇಳುವುದು ನನಗೆ ಇಷ್ಟ. ಅದಕ್ಕೂ ಮೊದಲು ಸಾಮಾನು, ಎರೆ, ನೀರು.

ಆಗ ಕಡಲಿಗೆ ಕೋಲು ಹಿಡಿದು ಹೋಗುವವರು ಕಡಿಮೆ. ಬಿದಿರಿನ ಸೆಳೆ ತೋಡಿನಲ್ಲಿ, ಗದ್ದೆಯ ಹೊಂಡದಲ್ಲಿ ಗಾಳ ಹಾಕುವ ಮಕ್ಕಳಿಗೆ. ಕಡಲಿನವರದು ಕೈಗಾಳ: ಐವತ್ತು ಅರುವತ್ತು ಮಾರು ತಂಗೂಸು ಎಂಬ ನೈಲಾನ್ ದಾರ, ಅದನ್ನು ಸುತ್ತಲು ಎರಡೂ ತುದಿ ಕೊರೆದ ಹಲಗೆ ತುಂಡು, ಒಂದು ಸೀಸ, ಒಂದೋ ಎರಡೋ ಕೊಕ್ಕೆ. ಎಡಗೈಯಲ್ಲಿ ಸುರುಳಿ ಬಿಟ್ಟ ದಾರ, ಬಲಗೈಯಲ್ಲಿ ಸೀಸದ ತುದಿ. ತಲೆಯ ಮೇಲೆ ಎರಡು ಸುತ್ತು ಬೀಸಿ ಬಿಟ್ಟರೆ ದಾರ ಸುಯ್ಯೆಂದು ಬೆರಳುಗಳ ನಡುವಿನಿಂದ ಓಡಿ ಅಲೆ ಒಡೆಯುವ ಗೆರೆಯ ಆಚೆಗೆ ಬೀಳಬೇಕು. ಬೀಳುವ ಕ್ಷಣಕ್ಕೆ ಸರಿಯಾಗಿ ಬೆರಳು ಒತ್ತಿ ದಾರ ತಡೆಯಬೇಕು. ಇಲ್ಲವಾದರೆ ಉಳಿದದ್ದೆಲ್ಲ ಸಿಕ್ಕುಸಿಕ್ಕಾಗಿ ಸಂಜೆಯೆಲ್ಲ ಅದನ್ನು ಬಿಡಿಸುವುದೇ ಕೆಲಸ.

ತಂಗೂಸು ಬಂದದ್ದೇ ಒಂದು ದೊಡ್ಡ ಸಂಗತಿ. ನೈಲಾನ್ ಹುಟ್ಟಿದ್ದು 1935ರಲ್ಲಿ, ಅಮೆರಿಕದ ಡ್ಯೂಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ. ಅದಕ್ಕೆ ಮುಂಚಿನ ಅಜ್ಜಂದಿರದು ಹತ್ತಿಯ ಹುರಿ. ಉಪ್ಪು ನೀರಿಗೆ ಕೊಳೆಯದ ಹಾಗೆ ಅದನ್ನು ಮರದ ತೊಗಟೆಯ ಒಗರು ಕಷಾಯದಲ್ಲಿ ಕುದಿಸಿ, ಬಿಸಿಲಿಗೆ ಹಾಕಿ ಹದ ಮಾಡಬೇಕಿತ್ತು. ಹುರಿ ನೀರು ಕುಡಿದು ಭಾರವಾಗುತ್ತದೆ, ನೀರಲ್ಲಿ ಕಣ್ಣಿಗೆ ಬೀಳುತ್ತದೆ, ಸಣ್ಣ ಮೀನಿನ ಕಚ್ಚು ಕೈಗೆ ತಲುಪುವಷ್ಟರಲ್ಲಿ ಸತ್ತುಹೋಗಿರುತ್ತದೆ. ತಂಗೂಸು ನೀರಲ್ಲಿ ಮಾಯ. ಎಳೆದರೆ ಸ್ವಲ್ಪ ಹಿಗ್ಗುತ್ತದೆ, ದೊಡ್ಡ ಮೀನಿನ ಮೊದಲ ಜಗ್ಗುವಿಕೆಯನ್ನು ತಾನೇ ತಾಳಿಕೊಳ್ಳುತ್ತದೆ. ಬೆರಳಿನ ಸೂಕ್ಷ್ಮ ಬೆಳೆದದ್ದು ಈ ದಾರದ ಜೊತೆಗೇ ಎಂದರೂ ಸಲ್ಲುತ್ತದೆ.

ಕೊಕ್ಕೆಗಳು ನಾರ್ವೆಯವು, ಮಸ್ಟಾಡ್ ಕಂಪನಿಯವು. 1877ರಿಂದ ಅವರು ಗಾಳದ ಕೊಕ್ಕೆ ಮಾಡುತ್ತ ಬಂದವರು. ಬಂದರಿನ ಬಳಿಯ ಬಲೆ ಹಗ್ಗದ ಅಂಗಡಿಗಳಲ್ಲಿ ಎಣ್ಣೆಕಾಗದದ ಪೊಟ್ಟಣ ಬಿಡಿಸಿ ಬಿಡಿಯಾಗಿ ಕೊಡುತ್ತಿದ್ದರು. ನಂಬರು ಹೆಚ್ಚಾದಷ್ಟು ಕೊಕ್ಕೆ ಸಣ್ಣದು ಎಂಬ ತಲೆಕೆಳಗಿನ ಲೆಕ್ಕ ಹೊಸಬರಿಗೆ ಒಗಟಾಗುತ್ತಿತ್ತು. ಸೀಸ ಮಾತ್ರ ಮನೆಯಲ್ಲೇ ಎರಕ. ಹರಿದ ಬೀಸುಬಲೆಯಿಂದ ಬಿಚ್ಚಿದ ಸೀಸದ ಮಣಿಗಳನ್ನು ಹಳೆಯ ಕಬ್ಬಿಣದ ಸೌಟಿಗೆ ಹಾಕಿ ಗೆರಟೆಯ ಕೆಂಡದ ಮೇಲೆ ಹಿಡಿದರೆ ಮೊದಲು ಮಣಿಗಳ ಮೂಲೆ ಕುಸಿಯುತ್ತದೆ, ಮತ್ತೆ ಎಲ್ಲ ಒಟ್ಟಿಗೆ ಕರಗಿ ಮೇಲೊಂದು ಬೂದು ಕೆನೆ ಕಟ್ಟುತ್ತದೆ. ಕಡ್ಡಿಯಿಂದ ಕೆನೆ ಸರಿಸಿದರೆ ಅಡಿಯಲ್ಲಿ ಫಳಫಳ ಬೆಳ್ಳಿ. ಮುರಕಲ್ಲಿನಲ್ಲಿ ಕೊರೆದ ಗುಳಿಗೆ ಅದನ್ನು ಸುರಿದು, ಗಟ್ಟಿಯಾಗುವ ಮುಂಚೆ ತಂತಿಯ ಕುಣಿಕೆ ನೆಡಬೇಕು. ಗುಳಿಯನ್ನು ಮೊದಲೇ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿರಬೇಕು, ಒಂದು ಹನಿ ನೀರಿದ್ದರೂ ಸೀಸ ಸಿಡಿದು ಮುಖಕ್ಕೆ ಹಾರುತ್ತದೆ. ಮರಳ ದಂಡೆಗೆ ಚಪ್ಪಟೆ ಸೀಸ, ಅಲೆ ಎಳೆದರೂ ಜಾರದು. ಅಳಿವೆಯ ಸೆಳವಿಗೆ ಉದ್ದನೆಯದು. ಬಂಡೆಗೆ ಗುಂಡು, ಸಂದಿಗೆ ಸಿಕ್ಕಿದರೂ ಉರುಳಿ ಬಿಡಿಸಿಕೊಳ್ಳುತ್ತದೆ.

ಎರೆ ಹುಡುಕುವುದರಲ್ಲಿ ಅರ್ಧ ಕಡಲು ಕಲಿತಾಗುತ್ತಿತ್ತು. ಅಳಿವೆಯ ಕೆಸರಿನಲ್ಲಿ ಕಾಲಿಂದ ತಡಕಿ ತೆಗೆದ ಮರುವಾಯಿ, ಹೊಳೆಯ ಬದಿಯಲ್ಲಿ ಹಿಡಿದ ಜೀವಂತ ಚಟ್ಲಿ, ಬಂಡೆಗೆ ಅಂಟಿದ ಪಚ್ಚಿಲೆ, ಓರೆಯಾಗಿ ಕೊಯ್ದ ಬೂತಾಯಿಯ ಪಟ್ಟಿ. ಮಕ್ಕಳಿಗೆ ಎಲ್ಲಕ್ಕಿಂತ ಖುಷಿ ಮರಳ ಏಡಿ ಹಿಡಿಯುವುದರಲ್ಲಿ. ಅಲೆ ಹಿಂದೆ ಸರಿಯುವಾಗ ಒದ್ದೆ ಮರಳ ಮೇಲೆ ಸಣ್ಣ ಸಣ್ಣ ಬಾಣದ ಗುರುತು ಮೂಡುತ್ತವೆ. ಹೆಬ್ಬೆರಳ ಗಾತ್ರದ ಒಂದು ಏಡಿ ಹಿಮ್ಮುಖವಾಗಿ ಮರಳಿಗೆ ಹೊಕ್ಕು ಮೀಸೆಯಷ್ಟನ್ನೇ ಹೊರಗೆ ಬಿಟ್ಟಿರುತ್ತದೆ, ಹರಿದಿಳಿಯುವ ನೀರು ಆ ಮೀಸೆಗೆ ತಾಗಿ ಸೀಳಿದ ಗೆರೆ ಅದು. ಮುಂದಿನ ಅಲೆ ಬರುವುದರೊಳಗೆ ಅಂಗೈ ತುಂಬ ಮರಳು ಬಾಚಿದರೆ ಏಡಿ ಒಳಗೆ ಕಚಗುಳಿ ಇಡುತ್ತಿರುತ್ತದೆ.

ನೀರಿನ ಲೆಕ್ಕಕ್ಕೆ ಪಂಚಾಂಗ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ನಮ್ಮ ಕಡೆ ಭರತ, ಎಂದರೆ ಉಬ್ಬರ, ಹೆಚ್ಚುಕಡಿಮೆ ನಡುಹಗಲಿಗೂ ನಡುರಾತ್ರಿಗೂ ಬರುತ್ತದೆ. ಅಲ್ಲಿಂದ ಮುಂದಕ್ಕೆ ತಿಥಿಗೆ ಎರಡು ಗಳಿಗೆ ಸೇರಿಸುತ್ತ ಹೋಗುವುದು. ಗಳಿಗೆ ಎಂದರೆ 24 ನಿಮಿಷ, ಎರಡಕ್ಕೆ 48. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುವುದರಿಂದ ಈ ಲೆಕ್ಕ ಹೆಚ್ಚು ತಪ್ಪದು. ಅಷ್ಟಮಿಗೆ ಬಂದರೆ ಭರತ ಸಂಜೆ ಆರರ ಆಸುಪಾಸು. ಆದರೆ ಆಗ ನೀರಿಗೆ ಬಲವಿಲ್ಲ, ಏರಿದ್ದೂ ಕಡಿಮೆ, ಇಳಿದದ್ದೂ ಕಡಿಮೆ. ಅಮಾವಾಸ್ಯೆಯ ನೀರಿಗೆ ಅಳಿವೆಯ ಬಾಯಲ್ಲಿ ದೊಡ್ಡ ಮೀನು, ಅಷ್ಟಮಿಯ ನೀರಿಗೆ ಮರಳ ದಂಡೆಯಲ್ಲಿ ಸಣ್ಣ ಮೀನು ಎಂಬುದು ರೂಢಿ. ಚಳಿಗಾಲದ ಬೆಳಗಿನ ಜಾವ ಘಟ್ಟದ ಕಡೆಯಿಂದ ಬೀಸುವ ತಣ್ಣನೆಯ ಗಾಳಿ ಅಲೆಯನ್ನು ಒತ್ತಿ ಮಲಗಿಸುತ್ತದೆ. ಹನ್ನೊಂದರ ಮೇಲೆ ಕಡಲ ಗಾಳಿ ಎದ್ದರೆ ನೀರು ಕದಡಿತು, ದಾರ ಸುತ್ತಿ ಮನೆಗೆ ಹೋಗಬಹುದು.

ಜಾಗಗಳಿಗೆ ಒಂದೊಂದು ಗುಣ. ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭ ನಿಂತಿರುವ ಬಂಡೆ. ಅದರ ಸುತ್ತಲ ಸಂದಿಗಳಲ್ಲಿ ನೀರು ಏರುವಾಗ ಒಂದು ಬಗೆಯ ಗುಡುಗುಡು, ಇಳಿಯುವಾಗ ಸೊರಸೊರ. ಕೋಡಿ ಬೆಂಗ್ರೆಯಲ್ಲಿ ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು. ನಡುವೆ ಮರಳಿನ ನಾಲಿಗೆ. ಅಲ್ಲಿ ಬೆನ್ನು ತಿರುಗಿಸಿ ಕೂತರೆ ಮೀನಿನ ಜಾತಿಯೇ ಬದಲಾಗುತ್ತದೆ. ಗಂಗೊಳ್ಳಿಯಲ್ಲಿ ಐದು ಹೊಳೆಗಳು ಸೇರಿ ಕಡಲಿಗೆ ಬೀಳುವ ಪಂಚಗಂಗಾವಳಿಯ ಬಾಯಿ. ದೋಣಿ ಇದ್ದವರು ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳ ಅಂಚಿಗೆ ಹೋಗುತ್ತಿದ್ದರು. 1975ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಉದ್ಘಾಟನೆಯಾದ ಮೇಲೆ ಅದರ ಅಲೆತಡೆ ಗೋಡೆಯ ಕಲ್ಲುಗಳೂ ಗಾಳದವರಿಗೆ ಹೊಸ ಆಸನವಾದವು.

ಈಗ ಪಂಕ್ತಿ. ಎಲ್ಲಕ್ಕಿಂತ ಕೆಳಗೆ ಹೊಟ್ಟೆ ಉಬ್ಬಿಸುವ ವಿಷಮೀನು. ಇದು ಕಚ್ಚುವುದೇ ಇಲ್ಲ, ಕತ್ತರಿಸುತ್ತದೆ. ಗಿಳಿಯ ಕೊಕ್ಕಿನಂಥ ಹಲ್ಲು. ಬೆರಳಿಗೆ ಒಂದು ಸಣ್ಣ ಕುರುಕು ತಿಳಿಯುವಷ್ಟರಲ್ಲಿ ಕೊಕ್ಕೆಯೇ ಇಲ್ಲ. ಅಕಸ್ಮಾತ್ ಮೇಲೆ ಬಂದರೆ ಚೆಂಡಾಗಿ ಉಬ್ಬಿ ಗೊರಗುಟ್ಟುತ್ತದೆ. ತಿನ್ನಲಾಗದು. ಬೈದು ನೀರಿಗೆ ಬಿಡುವುದೇ.

ಅದರ ಮೇಲೆ ತೇಡೆ. ದುರಾಸೆಯ ಮೀನು: ಎರೆ ಏನೇ ಇರಲಿ, ಹೊತ್ತು ಯಾವುದೇ ಇರಲಿ, ಗಬಕ್ಕನೆ ನುಂಗಿ ಎಳೆಯುತ್ತದೆ. ಬೆರಳಿಗೆ ಯೋಚಿಸುವ ಕೆಲಸವೇ ಇಲ್ಲ. ಕೊಕ್ಕೆ ಬಿಡಿಸುವಾಗ ಬೆನ್ನಿನ ಮತ್ತು ಪಕ್ಕೆಯ ಮುಳ್ಳು ಚುಚ್ಚಿದರೆ ರಾತ್ರಿಯೆಲ್ಲ ಉರಿ. ತಾಳುವಷ್ಟು ಬಿಸಿಯ ನೀರಲ್ಲಿ ಕೈ ಇಟ್ಟರೆ ನೋವು ಇಳಿಯುವುದು ವಿಷ ಶಾಖಕ್ಕೆ ಕೆಡುವುದರಿಂದ. ಇದನ್ನು ಮನೆಮದ್ದಾಗಿಯೇ ಎಲ್ಲರೂ ಬಲ್ಲರು. ಆದರೂ ತೇಡೆಯನ್ನು ಪೂರ್ತಿ ತೆಗೆದುಹಾಕಲು ಮನಸ್ಸು ಬರದ ಒಂದು ಸಂಗತಿ ಉಂಟು. ಮರಿ ಮಾಡುವ ಕಾಲದಲ್ಲಿ ಗಂಡು ತೇಡೆ ಗೋಲಿ ಗಾತ್ರದ ಮೊಟ್ಟೆಗಳನ್ನು ಬಾಯಲ್ಲಿ ಇಟ್ಟುಕೊಂಡು, ಮರಿ ಒಡೆದು ಈಜುವವರೆಗೆ ಉಪವಾಸ ಇರುತ್ತದೆ. ಊರಿನ ಮಹಾ ಹೊಟ್ಟೆಬಾಕ ವಾರಗಟ್ಟಲೆ ಬಾಯಿ ಕಟ್ಟುತ್ತಾನೆ. ಬಾಯಲ್ಲಿ ಮೊಟ್ಟೆ ತುಂಬಿಕೊಂಡ ತೇಡೆ ಬಲೆಗೆ ಬಿದ್ದು ಬಂದಾಗ ದಡದಲ್ಲಿ ಅದನ್ನು ತಿರುಗಿಸಿ ತಿರುಗಿಸಿ ನೋಡದವರಿಲ್ಲ.

ಮೂರನೆಯದು ತೊರಕೆ. ಕಚ್ಚಿದ್ದೇ ತಿಳಿಯದು. ದಾರ ಬಿಗಿಯಾಗುತ್ತದೆ, ಬಂಡೆಗೆ ಸಿಕ್ಕಿತೆಂದುಕೊಂಡು ಜಗ್ಗಿದರೆ ಬಂಡೆ ನಿಧಾನ ಪಡುವಣಕ್ಕೆ ಹೊರಡುತ್ತದೆ. ಹೊಟ್ಟೆಯಡಿ ಮರಳಿಗೆ ಅಂಟಿ ಕೂತ ತೊರಕೆಯನ್ನು ಬಿಡಿಸುವುದೆಂದರೆ ಕಾವಲಿಗೆ ಹಿಡಿದ ದೋಸೆ ಎಬ್ಬಿಸಿದ ಹಾಗೆ: ಒಮ್ಮೆಗೇ ಎಳೆದರೆ ಕೆಟ್ಟಿತು, ಅಂಚು ಹಿಡಿದು ಸಣ್ಣಗೆ ಅಲುಗಿಸುತ್ತಿರಬೇಕು. ಬಿಗಿ ಹಿಡಿದ ದಾರವನ್ನು ವೀಣೆಯ ತಂತಿಯಾಗಿ ಮೀಟುತ್ತ ಕೂತರೆ ಕಂಪನಕ್ಕೆ ಬೇಸತ್ತು ಅದೇ ಏಳುತ್ತದೆ. ಎದ್ದ ಮೇಲೆ ಬಾಲದ ಗರಗಸದ ಮುಳ್ಳಿನಿಂದ ದೂರ ಇರಬೇಕು. ತೊರಕೆಯದು ತಾಳ್ಮೆಯ ಆಟ. ಆದರೆ ಆಟದಲ್ಲಿ ತಿರುವಿಲ್ಲ, ಹಾಗಾಗಿ ಮೂರನೆಯ ಮೆಟ್ಟಿಲಿನಿಂದ ಮೇಲೆ ಏರದು.

ಕೊಡ್ಡಾಯಿ ಬಂದರೆ ಮಾತು ಬದಲಾಗುತ್ತದೆ. ಎರಡು ಸಲ ತಟ್ಟಿ, ನಿಂತು, ಮೂರನೆಯದಕ್ಕೆ ಒಯ್ಯುವ ಸಭ್ಯ ಮೀನು. ಹೊಟ್ಟೆಯೊಳಗಿನ ಗಾಳಿಚೀಲವನ್ನು ಸ್ನಾಯುಗಳಿಂದ ಬಡಿದು ಅದು ಸದ್ದು ಮಾಡುತ್ತದೆ. ಸದ್ದಿಲ್ಲದ ರಾತ್ರಿ ದೋಣಿಯ ಹಲಗೆಗೆ ಕಿವಿ ಇಟ್ಟರೆ ಅಡಿಯಲ್ಲಿ ಕೊಡ್ಡಾಯಿಯ ಹಿಂಡು ಗೊರಗೊರ ಎನ್ನುವುದು ಕೇಳುತ್ತದೆ. ಗಾಳ ಎಷ್ಟು ಮಾರು ಇಳಿಯಬೇಕೆಂದು ಅನುಭವಿಗಳು ಅದರಿಂದ ಅಂದಾಜು ಕಟ್ಟುತ್ತಿದ್ದರು. ತಲೆಯೊಳಗೆ ಎರಡು ಬಿಳಿ ಕಲ್ಲು ಇರುತ್ತವೆ. ಊಟದ ಎಲೆಯ ಅಂಚಿನಲ್ಲಿ ಅವನ್ನು ಜೋಡಿಸಿಟ್ಟು ಮಕ್ಕಳು ಆಮೇಲೆ ತೊಳೆದು ಜೇಬಿಗೆ ಹಾಕಿಕೊಳ್ಳುವರು.

ಬಂಡೆಯ ಮೀನುಗಳೆಂದರೆ ಮುರು ಮತ್ತು ಕೆಂಬೇರಿ. ಮುರು ಎರೆಯನ್ನು ಕಚ್ಚುವುದಿಲ್ಲ, ಬಾಯಿ ತೆರೆದು ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ. ಬೆರಳಿಗೆ ತಿಳಿಯುವುದು ಒಂದು ಭಾರ ಮಾತ್ರ. ಮರುಕ್ಷಣ ಅದು ತನ್ನ ಗುಹೆಯೊಳಗೆ. ಕಿವಿರು ಅಗಲಿಸಿ ಬಂಡೆಯ ಸಂದಿಗೆ ಸಿಕ್ಕಿಸಿಕೊಂಡರೆ ಆನೆ ಎಳೆದರೂ ಬಾರದು. ಆಗ ಅಜ್ಜಂದಿರು ದಾರ ಪೂರ್ತಿ ಸಡಿಲ ಬಿಟ್ಟು ಬೀಡಿ ಹಚ್ಚುತ್ತಿದ್ದರು. "ಎಳಿಬ್ಯಾಡ ಮಾರಾಯ, ಬಿಡ್. ಅದ್ಕೂ ಬೇಜಾರ್ ಬತ್ತ್." ಬೀಡಿ ಮುಗಿಯುವ ಹೊತ್ತಿಗೆ ಮುರು ಅಪಾಯ ಕಳೆಯಿತೆಂದು ಹೊರಗೆ ಬರುತ್ತದೆ. ದಾರ ಮೆಲ್ಲಗೆ ಸರಿಯತೊಡಗಿದ ಆ ಗಳಿಗೆಯಲ್ಲಿ ಎಳೆದವನೇ ಜಾಣ. ಕೆಂಬೇರಿ ಹಾಗಲ್ಲ. ಸೂರ್ಯ ಮುಳುಗಿದ ಮೇಲೆ ಏಡಿಯ ಎರೆಗೆ ಬಂದು ಹೊಡೆಯುವ ಅದರ ಹೊಡೆತಕ್ಕೆ ಮುನ್ಸೂಚನೆ ಇಲ್ಲ. ದಾರ ಬೆರಳ ಸಂದಿಯಲ್ಲಿ ಸುಟ್ಟುಕೊಂಡು ಓಡುತ್ತದೆ. ತೋರುಬೆರಳಿಗೆ ಸೈಕಲ್ ಟ್ಯೂಬಿನ ತುಂಡು ಹಾಕಿಕೊಳ್ಳುವುದು ಅದಕ್ಕೇ. ಮೊದಲ ಎರಡು ಮಾರಿನಲ್ಲಿ ತಡೆದರೆ ಮೀನು ನಿಮ್ಮದು, ಮೂರನೆಯ ಮಾರಿಗೆ ಬಂಡೆಯದು. ಮೇಲೆ ಬಂದ ಕೆಂಬೇರಿಯ ಬಣ್ಣವನ್ನು ಲಾಟೀನಿನ ಬೆಳಕಿನಲ್ಲಿ ನೋಡಬೇಕು: ಬೆನ್ನು ಇಟ್ಟಿಗೆ, ಪಕ್ಕೆ ತಾಮ್ರ, ಹೊಟ್ಟೆಗೆ ಬರುತ್ತ ಬೆಳ್ಳಿ. ಸತ್ತ ಸ್ವಲ್ಪ ಹೊತ್ತಿನಲ್ಲೇ ಆ ಬಣ್ಣಗಳು ಒಂದಾಗಿ ಮಂಕಾಗುತ್ತವೆ. ಮಾರುಕಟ್ಟೆಯಲ್ಲಿ ಕೆಂಬೇರಿ ಕೊಂಡವರು ಕೆಂಬೇರಿಯನ್ನು ನೋಡಿಲ್ಲ.

ಇನ್ನೂ ಮೇಲೆ, ಕಾರವಾರದವರು ಚೊಣಕ ಎನ್ನುವ ಮೀನು. ಮಳೆಗಾಲದ ನೀರು ಹೊಳೆಯನ್ನು ತುಂಬಿಸಿದಾಗ ಮೊಟ್ಟೆಯಿಡಲು ಅಳಿವೆಯ ಉಪ್ಪು ನೀರಿಗೆ ಇಳಿದು ಬರುತ್ತದೆ. ಆಟಿ ತಿಂಗಳಲ್ಲಿ ದೋಣಿಗಳು ದಡದಲ್ಲಿ ಮಡಲು ಹೊದ್ದು ಮಲಗಿರುವಾಗ, ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ಪೂಜೆ ಆಗುವವರೆಗೆ, ಮನೆಗಳಿಗೆ ಹೊಸ ಮೀನು ಬಂದರೆ ಅದು ಅಳಿವೆಯ ಗಾಳದಿಂದ. ಗೊರಬೆ ಹೊದ್ದು ಕೆಂಪು ನೀರಿನ ಅಂಚಿನಲ್ಲಿ ಕೂತವರು ಇಳಿತ ಶುರುವಾಗುವ ಹೊತ್ತಿಗೆ ಮಾತು ನಿಲ್ಲಿಸುತ್ತಿದ್ದರು. ಜೀವಂತ ಚಟ್ಲಿಯ ಎರೆ ಸೆಳವಿನಲ್ಲಿ ತೇಲುತ್ತ ಹೋಗಬೇಕು, ಸೀಸ ಬೇಡ. ಎಲ್ಲೋ ಬುಡುಕ್ ಎಂಬ ಸದ್ದು, ದಾರ ಒಮ್ಮೆ ಸಡಿಲ, ಮತ್ತೆ ನೀರು ಒಡೆದು ಮೀನು ಆಳೆತ್ತರ ಹಾರಿ ತಲೆ ಕೊಡಹುತ್ತದೆ. ಕಿವಿರಿನ ಮುಚ್ಚಳದ ಅಂಚು ಬ್ಲೇಡು. ತಲೆ ಕೊಡಹುವುದು ದಾರ ಕತ್ತರಿಸಲಿಕ್ಕೇ. ಹಾರಿದಾಗ ದಾರ ಬಿಡಬೇಕು, ಬಿದ್ದಾಗ ಹಿಡಿಯಬೇಕು, ಎರಡರ ನಡುವೆ ರೆಪ್ಪೆ ಮುಚ್ಚುವಷ್ಟೇ ಹೊತ್ತು. ಟಾರ್ಚಿನ ಬೆಳಕಿಗೆ ಅದರ ಕಣ್ಣು ಕೆಂಡ.

ಇಲ್ಲೊಂದು ಸೋಜಿಗ ಇದೆ. ಚೊಣಕ ಗಂಡಾಗಿ ಬೆಳೆದು, ಕೆಲವು ವರ್ಷಗಳ ಮೇಲೆ ಹೆಣ್ಣಾಗುತ್ತದೆ. ದೊಡ್ಡ ಚೊಣಕಗಳೆಲ್ಲ ಹೆಚ್ಚಾಗಿ ಹೆಣ್ಣು. ಮುರು ಇದರ ತಿರುಗಾಮುರುಗ, ಹೆಣ್ಣಾಗಿ ಬೆಳೆದು ದೊಡ್ಡದಾದ ಮೇಲೆ ಗಂಡಾಗುತ್ತದೆ. ಒಂದೇ ಅಳಿವೆಯ ಒಂದೇ ಬಂಡೆಯ ಎರಡು ಬದಿಗಳಲ್ಲಿ ಈ ಎರಡೂ ಸಂಸಾರ ನಡೆಯುತ್ತಿರುತ್ತವೆ. ಇದು ಗೊತ್ತಾದ ಮೇಲೆ ದೊಡ್ಡ ಚೊಣಕ ಹಿಡಿದ ಹೆಮ್ಮೆಗೆ ಸ್ವಲ್ಪ ಅಳುಕು ಸೇರಿಕೊಳ್ಳುತ್ತದೆ; ಊರಿನ ಹಿರಿಯ ತಾಯಿಯನ್ನೇ ಎಳೆದು ತಂದೆವಲ್ಲ ಎಂದು.

ದೊಡ್ಡ ಮೀನಿನ ಹೋರಾಟವನ್ನೇ ಮೊದಲ ಪಂಕ್ತಿಗೆ ಕೂರಿಸಿದವರು ಇಂಗ್ಲಿಷ್ ಸಾಹೇಬರು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ, ಮದರಾಸು ಸಿವಿಲ್ ಸರ್ವಿಸಿನ ಹೆನ್ರಿ ಸಲಿವನ್ ಥಾಮಸ್ ಬರೆದ 'ದ ರಾಡ್ ಇನ್ ಇಂಡಿಯಾ' 1873ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾಯಿತು. ಭಾರತದ ಗಾಳಗಾರಿಕೆಗೆ ಅದು ಬಹಳ ಕಾಲ ಕೈಪಿಡಿಯಾಗಿತ್ತು. ಥಾಮಸರ ಪ್ರೀತಿಯೆಲ್ಲ ಘಟ್ಟದ ಹೊಳೆಗಳ ಮಹಶೀರ್ ಮೇಲೆ. ಅವರ ದೇಶದ ಸಾಲ್ಮನ್‌ಗಿಂತ ಅದು ಮಿಗಿಲಿನ ಆಟಗಾರ ಎಂದು ವಾದಿಸಿದರು. ಕೋಲು, ದಾರ ಸುತ್ತುವ ಗಿರಕಿ, ಎದುರಾಳಿ, ಗೆಲುವು ಇರುವ ರಸ ಅದು. ಅದನ್ನು ಅಲ್ಲಗಳೆಯುವುದು ಹೇಗೆ? ಚೊಣಕದ ಒಂದು ಹಾರಾಟ ಕಂಡವರು ಜನ್ಮದಲ್ಲಿ ಮರೆಯುವುದಿಲ್ಲ. ಆದರೆ ವೀರರಸವೊಂದೇ ರಸವಲ್ಲ. ಕೋಲು ಇಲ್ಲದ ನಮ್ಮ ಜನ ಬೆರಳಿಗೆ ಕಲಿಸಿದ್ದು ಬೇರೆ ಪಾಠ.

ಆ ಪಾಠ ಅರ್ಥವಾಗಲು ಮಳೆಗಾಲ ಕಳೆದ ಒಂದು ಕತ್ತಲೆಯ ರಾತ್ರಿ ಸಾಕಿತ್ತು. ಕೆಲವು ಸಲ ಕಡಲಿನಲ್ಲಿ ಸೂಜಿಮೊನೆಯಷ್ಟು ಸಣ್ಣ ಜೀವಿಗಳು ಕೋಟಿಗಟ್ಟಲೆ ತುಂಬಿ, ನೀರು ಕದಲಿದಲ್ಲೆಲ್ಲ ನೀಲಿ ಬೆಳಕು ಹೊತ್ತುತ್ತದೆ. ಅಂಥ ರಾತ್ರಿ ದಾರ ನೀರಿಗೆ ಇಳಿಯುವ ಜಾಗದಲ್ಲಿ ಒಂದು ಹೊಳೆಯುವ ಬಿಂದು ನಿಂತಿರುತ್ತದೆ. ಬೆರಳಿಗೆ ಏನೂ ತಿಳಿಯದಿದ್ದರೂ ಬಿಂದು ನಡುಗಿದರೆ ಕೆಳಗೆ ಯಾರೋ ಬಂದಿದ್ದಾರೆ ಎಂದರ್ಥ. ಬೆರಳು ಅದನ್ನು ಹಿಡಿಯುವ ಹೊತ್ತಿಗೆ ಕಣ್ಣು ಮೊದಲೇ ಕಂಡಿರುತ್ತದೆ. ಎಷ್ಟು ಮಾತು ನೀರೊಳಗೆ ನಡೆದು ನಮಗೆ ಕೇಳದೆ ಹೋಗುತ್ತಿದೆ ಎಂದು ತಿಳಿಯುವುದು ಆಗಲೇ. ಆ ಮೇಲೆ ಸಣ್ಣ ಕಚ್ಚಿನ ಬಗ್ಗೆ ಒಂದು ಗೌರವ ಹುಟ್ಟುತ್ತದೆ.

ಆ ದಶಕಗಳಲ್ಲೇ ಕಡಲ ಬದಿ ಬದಲಾಯಿತು. 1970ರ ದಶಕದ ನಡುವಿಗೆ ಪರ್ಸೀನ್ ಬೋಟುಗಳು ಬಂದು, ಬಂಗುಡೆ ಬೂತಾಯಿಗಳ ಹಿಂಡನ್ನು ದಡಕ್ಕೆ ಬರುವ ಮೊದಲೇ ಸುತ್ತಿ ಎತ್ತತೊಡಗಿದವು. ಊರಿಗೆ ಊರೇ ಎರಡು ಬದಿಯಿಂದ ಹಗ್ಗ ಹಿಡಿದು ಎಳೆಯುತ್ತಿದ್ದ ರಂಪಣಿ ಬಲೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಕಡಲ್ಕೊರೆತಕ್ಕೆ ಹಾಕಿದ ಕಲ್ಲಿನ ಗೋಡೆಗಳು ಎಷ್ಟೋ ಮರಳ ದಂಡೆಗಳನ್ನು ನುಂಗಿದವು. ಗಲ್ಫಿನಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಗಿರಕಿ, ಫೈಬರ್ ಕೋಲು, ಬಣ್ಣದ ಪ್ಲಾಸ್ಟಿಕ್ ಮೀನುಗಳು ಬಂದವು. ಈಗ ಅಲೆತಡೆ ಗೋಡೆಗಳ ಮೇಲೆ ಸಾಲಾಗಿ ನಿಲ್ಲುವ ಹುಡುಗರದು ಹೆಣೆದ ದಾರ. ಅದು ಹಿಗ್ಗದು, ದೂರದ ಕಚ್ಚನ್ನೂ ತರುತ್ತದೆ. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವವರೂ ಇದ್ದಾರೆ. ಸಾಮಾನು ಸುಧಾರಿಸಿದ್ದು ಒಳ್ಳೆಯದೇ. ಆದರೆ ದೂರ ಎಸೆದು ಬೇಗ ಸುತ್ತುವ ಈ ಆಟದಲ್ಲಿ ಕಾಲ ಬುಡದಲ್ಲಿರುವ ಮೀನಿಗೆ ಗಿರಾಕಿ ಕಡಿಮೆ.

ಕಾಲ ಬುಡದ ಮೀನೆಂದರೆ ಕಾಣೆ. ನನ್ನ ಪಂಕ್ತಿಯಲ್ಲಿ ಮೊದಲ ಮಣೆ ಅದಕ್ಕೆ. ಗೇಣುದ್ದದ, ಮೈ ತೆಳ್ಳಗಿನ, ಮರಳಿನ ಬಣ್ಣದ ಬೆನ್ನಿನ ಮೀನು. ಪಕ್ಕೆಯಲ್ಲಿ ತಲೆಯಿಂದ ಬಾಲದವರೆಗೆ ಒಂದು ಬೆಳ್ಳಿಯ ಗೆರೆ. ಭರತ ಏರುವಾಗ ಮೊಣಕಾಲುದ್ದದ ನೀರಿಗೂ ಸಣ್ಣ ಗುಂಪಾಗಿ ಬಂದು, ಅಲೆ ಕದಡಿದ ಮರಳಿನಲ್ಲಿ ಹುಳು, ಚಟ್ಲಿ ಹೆಕ್ಕುತ್ತದೆ. ಬಲೆ ಬರುವುದು ಗೊತ್ತಾದರೆ ತಲೆ ಕೆಳಗೆ ಮಾಡಿ ಮರಳಿಗೆ ಹೊಕ್ಕುಬಿಡುತ್ತದೆ, ಬಲೆ ಮೇಲಿನಿಂದ ಹಾದುಹೋಗುತ್ತದೆ. ಊರೆಲ್ಲ ಸೇರಿ ಎಳೆದ ರಂಪಣಿಯ ಅಡಿಯಿಂದ ತಪ್ಪಿಸಿಕೊಂಡ ಕಾಣೆ, ಬೆಳಗಿನ ಜಾವ ಒಂಟಿಯಾಗಿ ನಿಂತ ಒಬ್ಬ ಅಜ್ಜನ ಸಣ್ಣ ಕೊಕ್ಕೆಗೆ ಬರುತ್ತಿತ್ತು.

ಕಾಣೆಗೆ ದಾರ ಕೂದಲಿನಷ್ಟು ಸಪೂರ, ಕೊಕ್ಕೆ ಉದ್ದ ಕಾಲಿನ ಸಣ್ಣದು, ಸೀಸ ಹುಣಸೆಬೀಜದಷ್ಟು. ದಂಡೆಯ ಹುಳವನ್ನು ಕೊಕ್ಕೆಗೆ ಪೂರ್ತಿ ತೊಡಿಸಿ ತುದಿಯಲ್ಲಿ ಉಗುರಿನಷ್ಟು ಅಲುಗಲು ಬಿಡಬೇಕು. ಹತ್ತು ಮಾರು ಎಸೆದರೆ ಸಾಕು. ಆಮೇಲೆ ದಾರವನ್ನು ತೋರುಬೆರಳ ಗಂಟಿನ ಮೇಲೆ ಹಾಯಿಸಿ, ಗಡಿಯಾರದ ದೊಡ್ಡ ಮುಳ್ಳು ಸರಿಯುವ ಗತಿಯಲ್ಲಿ ಎಳೆಯುತ್ತ ಇರುವುದು. ಅಡಿಯಲ್ಲಿ ಸೀಸ ಮರಳು ಕೆದರುತ್ತ ಬರುವುದು ಬೆರಳಿಗೆ ಕೇಳುತ್ತದೆ: ಸಣ್ಣ ಮರಳಾದರೆ ರೇಷ್ಮೆ, ಚಿಪ್ಪಿನ ಚೂರಾದರೆ ಕಿರಿಕಿರಿ, ನೀರಿನ ಗೀರಿಗೆ ಇಳಿದರೆ ಒಂದು ಕ್ಷಣ ಸದ್ದೇ ಇಲ್ಲ. ಕಾಣೆ ಇರುವುದು ಆ ಗೀರಿನ ಅಂಚಿನಲ್ಲಿ.

ಮೊದಲು ಒಂದು ಟಕ್. ಅಲೆಯೋ ಮೀನೋ ಎಂದು ಸಂಶಯ ಬರುವಷ್ಟು ಸಣ್ಣದು. ಹೊಸಬರು ಅಲ್ಲೇ ಎಳೆದು ಬರಿಯ ಕೊಕ್ಕೆ ತೆಗೆದುಕೊಳ್ಳುತ್ತಾರೆ. ಬಲ್ಲವರು ಎಳೆತದ ಗತಿಯನ್ನು ಬದಲಿಸುವುದಿಲ್ಲ. ಎರೆ ತಪ್ಪಿಸಿಕೊಳ್ಳುತ್ತಿದೆ ಎಂದುಕೊಂಡು ಕಾಣೆ ಹಿಂಬಾಲಿಸುತ್ತದೆ. ಟಕ್ ಟಕ್. ಮತ್ತೆ ಏನೂ ಇಲ್ಲ. ಈ ಏನೂ ಇಲ್ಲದ ಹೊತ್ತಿನಲ್ಲಿ ಬೆರಳಿಗೆ ಇಡೀ ಕಡಲು ಗೊತ್ತಾಗುತ್ತದೆ: ಅಲೆಯ ಭಾರ, ಸೆಳವಿನ ದಿಕ್ಕು, ದಾರಕ್ಕೆ ತಾಗಿ ಹೋದ ಒಂದು ಪಾಚಿಯ ಎಳೆ. ಆಮೇಲೆ ಟಕಟಕಟಕ ಎಂಬ ಒಂದು ನಡುಕ ಬಂದು ದಾರ ಪಕ್ಕಕ್ಕೆ ಸರಿಯುತ್ತದೆ. ಮಣಿಕಟ್ಟನ್ನು ಒಂದಿಷ್ಟು ತಿರುವಿದರೆ ಸಾಕು, ಸಿಕ್ಕಿತು. ಗೇಣುದ್ದದ ಮೀನು ಆ ಸಪೂರ ದಾರದಲ್ಲಿ ತನ್ನ ಮೂರು ಪಟ್ಟು ಬಲ ತೋರಿಸುತ್ತದೆ. ಚೊಣಕದ ಹೊಡೆತ ಮೈಯನ್ನೆಲ್ಲ ಅಲುಗಿಸುತ್ತದೆ, ಯಾರ ಕೈಯಲ್ಲಿ ಗಾಳವಿದ್ದರೂ ತಿಳಿಯುತ್ತದೆ. ಕಾಣೆಯ ಕಚ್ಚು ಕಲಿತವರ ಬೆರಳಿಗಷ್ಟೇ.

ಅಡುಗೆಯಲ್ಲೂ ಅದು ಕಲಿತವರ ಮೀನು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಬೆಳ್ಳುಳ್ಳಿ, ಹುಣಸೆಹುಳಿ, ಅರಿಸಿನ, ಉಪ್ಪು. ನೀರು ಆದಷ್ಟು ಕಡಿಮೆ ಹಾಕಿ ನುಣ್ಣಗೆ ಕಡೆದು ಇಡೀ ಮೀನಿಗೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಕಾವಲಿಯಲ್ಲಿ ತೆಂಗಿನೆಣ್ಣೆಗೆ ಹಾಕುವುದು. ಹೋಟೆಲಿನವರು ರವೆ ಹಚ್ಚುತ್ತಾರೆ, ಗರಿಗರಿ ಚೆಂದವೇ, ಆದರೆ ಗಾಳದ ಕಾಣೆಗೆ ಆ ಅಂಗಿ ಬೇಡ. ಒಂದೇ ಸಲ ಮಗುಚಬೇಕು. ಬೆರಳಿಂದ ಬೆನ್ನಿನ ಗೆರೆ ಹಿಡಿದು ಒತ್ತಿದರೆ ಬಿಳಿಯ ಮಾಂಸ ಎರಡು ಹೋಳಾಗಿ ಬಿಡುತ್ತದೆ, ನಡುವಿನ ಮುಳ್ಳು ಬಾಲದ ತನಕ ಒಂದೇ ಎಳೆಗೆ ಎದ್ದು ಬರುತ್ತದೆ. ಜೊತೆಗೆ ಬಿಸಿ ಕುಚ್ಚಲಕ್ಕಿ ಗಂಜಿ. ಮಸಾಲೆಯ ಖಾರ ಇಳಿದ ಮೇಲೆ ನಾಲಿಗೆಯಲ್ಲಿ ಉಳಿಯುವ ಸಣ್ಣ ಸಿಹಿ ಉಂಟಲ್ಲ, ಅದಕ್ಕೂ ಗಮನ ಕೊಟ್ಟರೆ ಮಾತ್ರ ಸಿಕ್ಕುವ ಗುಣ.

ಈ ಪಂಕ್ತಿಯನ್ನು ಒಪ್ಪದವರು ಬಹಳ ಮಂದಿ ಇದ್ದಾರೆ. ಆಗಲೂ ಇದ್ದರು, ಗೂಡಂಗಡಿಯ ಚಹಾ ತಣ್ಣಗಾಗುವವರೆಗೆ ಕೆಂಬೇರಿಯ ಪರ ವಾದಿಸುವವರು. ಅವರಿಗೂ, ಈಗಿನ ಗಿರಕಿಯ ಹುಡುಗರಿಗೂ ನನ್ನದೊಂದೇ ಸವಾಲು. ಚಳಿಗಾಲದ ಯಾವುದಾದರೊಂದು ಬೆಳಗಿನ ಜಾವ, ಅಷ್ಟಮಿಯ ಆಸುಪಾಸಿನ ಸೌಮ್ಯ ನೀರಿಗೆ, ಗೋಡೆ ಬಿಟ್ಟು ಉಳಿದ ಮರಳಿನಲ್ಲಿ ನಿಂತು, ಕೋಲನ್ನು ಪಕ್ಕಕ್ಕೆ ಊರಿ, ದಾರವನ್ನು ತೋರುಬೆರಳ ಮೇಲೆ ಎತ್ತಿಕೊಂಡು ಹತ್ತು ಮಾರು ಎಳೆದು ನೋಡಲಿ. ಎರಡನೆಯ ಟಕ್ ಆದ ಮೇಲೆ ಕೈ ತಡೆದುಕೊಳ್ಳಲು ಆದರೆ ಆಮೇಲೆ ಪಂಕ್ತಿಯನ್ನು ಬೇಕಾದ ಹಾಗೆ ತಿದ್ದಲಿ, ನನ್ನ ತಕರಾರಿಲ್ಲ.